ಆಡು ಉಳಿದಿದೆ

ವಿಮರ್ಶೆ ಓದಿ ವಾಗೀಶನಿಗೆ ಪಿತ್ತ ನೆತ್ತಿಗೇರಿತು. 'ಕಬ್ಬಿಣದ ಕಡಲೆ' ರಾಕ್ ಬ್ಯಾಂಡಿಗೆ ಡ್ರಮ್ಸ್ ಬಾರಿಸುವವನೂ ಅವನೇ, ಹಾಡು ಬರೆಯುವವನೂ ಅವನೇ. ಒಂಟಿಕೊಪ್ಪಲಿನ ಪಂಡಿತರ ಮನೆತನ. ಅಜ್ಜ ಅರಮನೆಯಲ್ಲಿ ಕನ್ನಡ ಕಲಿಸಿದವರು. ಹೊಸ ಆಲ್ಬಮ್ಮಿಗೆ ಅವನು ಬರೆದ ಸಾಲು 'ನೀನು ಹೋದೆ, ಹಾಡು ಉಳಿದಿದೆ'. ಹೋದ ವರ್ಷ ತೀರಿಕೊಂಡ ಗೆಳೆಯ, ಬೇಸ್ ಗಿಟಾರಿನ ಯೇಸುದಾಸ್‌ಗಾಗಿ ಅತ್ತು ಬರೆದದ್ದು.

ಹಾಡುವ ಅಲೆಕ್ಸ್ ಊರಂಚಿನ ಕೆಸರೆಯವನು. ಬ್ಯಾಂಡ್ ಕಟ್ಟಿದಾಗಿನಿಂದ ವಾಗೀಶ ತಲೆ ಚಚ್ಚಿಕೊಂಡರೂ ಅವನ ಬಾಯಲ್ಲಿ ಹಕಾರ ನಿಲ್ಲದು. 'ನೀನು ಓದೆ, ಆಡು ಉಳಿದಿದೆ' ಎಂದೇ ರೆಕಾರ್ಡಿಂಗಿನಲ್ಲೂ ಹಾಡಿದ್ದ. ವಿಮರ್ಶಕಿ ಲಾಸ್ಯ ಅದನ್ನು ಹಾಗೇ ಕೇಳಿಸಿಕೊಂಡಿದ್ದಳು: 'ಓದಲೊಲ್ಲದವನಿಗೆ ಆಡು ಮೇಯಿಸುವುದಷ್ಟೇ ಉಳಿಯುತ್ತದೆ ಎಂಬ ಕಟುವ್ಯಂಗ್ಯ! ಶಿಕ್ಷಣದ ಬಗ್ಗೆ ಹಿರಿಯ ತಂಡದ ದಿಟ್ಟ ದನಿ.' ಮೇಲೆ ಐದಕ್ಕೆ ನಾಲ್ಕು ನಕ್ಷತ್ರ. ಬೈದಿದ್ದರೆ ಸಹಿಸಬಹುದಿತ್ತು, ಈಕೆ ಹೊಗಳಿ ಹೊಟ್ಟೆ ಉರಿಸಿದ್ದಳು.

ಅಲೆಕ್ಸ್ ಫೋನ್ ಮಾಡಿದ. "ಒಳ್ಳೇದೇ ಬರ್ದವ್ಳೆ ಬುಡು."

"ಲೋ, ಯೇಸು ಸತ್ತ ಸಂಕಟದ ಹಾಡು ಕಣೋ ಅದು! ಆಡು ಮೇಯಿಸೋಕೆ ಕಳಿಸ್ಬುಟ್ಯಲ್ಲೋ ಅವನ್ನ! ಅವನ ಹೆಂಡ್ತಿ ಜ್ಞಾನಮ್ಮ ಓದಿದ್ರೆ ಏನಂದ್ಕೋತಾರೆ? ಶನಿವಾರದ ಶೋನಲ್ಲಿ ಹ ನೆಟ್ಟಗೆ ಬರ್ಲಿಲ್ಲ ಅಂದ್ರೆ ನಾನು ಡ್ರಮ್ಸ್ ಕಡ್ಡಿ ಮುಟ್ಟಲ್ಲ, ತಿಳ್ಕೋ!"

"ಆಯ್ತು ಕಣೋ," ಎಂದ ಅಲೆಕ್ಸ್.

ಕ್ಷಮೆ ಕೇಳಲೆಂದು ವಾಗೀಶ ಅಂದೇ ಯೇಸುದಾಸನ ಮನೆಗೆ ಹೋದ. ಜ್ಞಾನಮ್ಮ ಮೊಬೈಲಿನಲ್ಲಿ ಅದೇ ಹಾಡು ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

"ತಪ್ಪು ತಿಳ್ಕೋಬೇಡಿ ಜ್ಞಾನಮ್ಮ, ಅಲೆಕ್ಸನ ನಾಲಿಗೆಯಿಂದ ಹಾಡು ಕೆಟ್ಟೋಯ್ತು."

"ಎಲ್ಲಿ ಕೆಟ್ಟದೆ? ನಮ್ಮನೆಯವ್ರೂ ಇಂಗೇ ಆಡ್ತಿದ್ರು ಕಣ್ರೀ. ಅಡುಗೆಮನೆ ಬಾಗ್ಲಿಗೆ ಒರಗ್ಕೊಂಡು, ನಿಮ್ಮ ಆಡೆಲ್ಲಾನೂ."

"ಯೇಸು ಹಾಡ್ತಿದ್ನಾ? ಸ್ಟೇಜ್ ಮೇಲೆ ಒಂದಿನವೂ ಬಾಯಿ ಬಿಟ್ಟವನಲ್ಲ!"

"ಎಂಗೆ ಬಿಡ್ತಾರೆ?" ಜ್ಞಾನಮ್ಮ ಕಾಯಿಯಿಂದ ಕಣ್ಣೆತ್ತಲಿಲ್ಲ. "ವಾಗೀಶ ಎಲ್ರ ಮುಂದೆ ತಿದ್ತಾನೆ ಅಂತ ಎದ್ರ್ಕೋತಿದ್ರು."

ವಾಗೀಶನಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದವನ ದನಿ ಹೇಗಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ.

ಶನಿವಾರ ಶೋಗೆ ಮುಂಚಿನ ರಿಹರ್ಸಲ್ಲಿನಲ್ಲಿ ಅಲೆಕ್ಸ್ ಕಣ್ಣು ಮುಚ್ಚಿ, ಹೊಟ್ಟೆ ಒಳಗೆಳೆದುಕೊಂಡು, 'ಹೋದೆ', 'ಹಾಡು' ಎಂದು ಒಂದೊಂದು ಹಕಾರವನ್ನೂ ಒತ್ತಿ ಒತ್ತಿ ಹಾಡಿದ. ಪರೀಕ್ಷೆಗೆ ಕೂತ ಹುಡುಗ ಪಾಠ ಒಪ್ಪಿಸಿದಂತಿತ್ತು. ವಾಗೀಶ ಕಡ್ಡಿ ಕೆಳಗಿಟ್ಟ.

"ಇನ್ನೇನಪ್ಪಾ ತಪ್ಪು?" ಅಲೆಕ್ಸ್ ರೇಗಿದ. "ಹ ಬಂತಲ್ಲ!"

"ಅದೇ ಕಣೋ ತಪ್ಪು." ವಾಗೀಶ ಕಡ್ಡಿ ಮತ್ತೆ ಕೈಗೆತ್ತಿಕೊಂಡ. "ಆಡು ಅನ್ನೋ. ಯೇಸು ಆಡ್ದಂಗೆ ಆಡು."