ಹೊಸಪೇಟೆಯ ಹೋಟೆಲಿನಲ್ಲೊಂದು ಒಡಪು

ಕೊಟ್ಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನಾಗಲಿಂಗಮ್ಮ ಐವತ್ತು ದಾಟಿದ ಮೇಲೆ ಎರಡನೇ ಮದುವೆ ಮಾಡಿಕೊಂಡಳು. ಬೆಳಿಗ್ಗೆ ಮಠದಲ್ಲಿ ಹಾರ ಬದಲಾಯಿಸಿ, ಮಧ್ಯಾಹ್ನದ ಊಟಕ್ಕೆ ಗಂಡ, ಮಗಳ ಜೊತೆ ಹೊಸಪೇಟೆಯ ದೊಡ್ಡ ಹೋಟೆಲಿನ ಮೆಟ್ಟಿಲು ಹತ್ತುವಾಗ ಅವಳ ಎದೆ ಹರೆಯದ ಹುಡುಗಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಗಂಡ ಜಂಬಣ್ಣ ಹಗರಿಬೊಮ್ಮನಹಳ್ಳಿಯವನು, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪಾನಾ, ಸ್ಕ್ರೂಡ್ರೈವರು ಇಡುವ ಚೀಲ ಹೊಲಿಸಲು ಇವಳ ಅಂಗಡಿಗೆ ಬಂದವನು, ಚೀಲಕ್ಕೊಂದು ಜೇಬು ಬೇಕೆಂದು ಮತ್ತೆ ಬಂದ. ಜೇಬಿಗೊಂದು ಗುಂಡಿ ಬೇಕೆಂದು ಮತ್ತೂ ಬಂದ. ಗಟ್ಟಿಯಾಗಿಯೇ ಇದ್ದ ಗುಂಡಿಯನ್ನು ಗಟ್ಟಿ ಮಾಡಿಸಲು ಬಂದ ದಿನ ನಾಗಲಿಂಗಮ್ಮನೇ ಕೇಳಿದ್ದಳು, “ಜಂಬಣ್ಣಾರ, ಇನ್ನರ ಚೀಲ ಬಿಟ್ಟು ಮಾತಾಡ್ರಿ.”

ಅವಳ ಅಣ್ಣ ಬೆನಕಪ್ಪನಿಗೆ ಈ ಸಂಬಂಧ ಹಿಡಿಸಲಿಲ್ಲ. “ಮೊಮ್ಮಕ್ಕಳನ್ನ ಆಡಸೋ ವಯಸ್ಸಿನ್ಯಾಗ ಇದೇನವ್ವ?” ಎಂದು ಮುಖ ತಿರುವಿಕೊಂಡವನು ಮದುವೆಗೆ ಬರಲಿಲ್ಲ, ಹೆಂಡತಿ ಮೈಲಮ್ಮನನ್ನೂ ಕಳಿಸಲಿಲ್ಲ. ಹೊಸಪೇಟೆಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ನಾಗಲಿಂಗಮ್ಮನ ಮಗಳು ಪುಷ್ಪಲತಾ, “ಬರದೋರು ಬರದಿದ್ರ ಬಿಡವ್ವ. ನಾವ್ ಮೂರು ಮಂದಿ ರಾಜರಂಗ ಕುಂತು ಉಣ್ಣೋಣು” ಎಂದು ಇಲ್ಲಿಗೆ ಕರೆತಂದಿದ್ದಳು.

ಒಳಗೆ ಕಾಲಿಟ್ಟರೆ ತಣ್ಣನೆ ಗಾಳಿ. ಗಾಜಿನ ಗೋಡೆಯಾಚೆ ಇಡೀ ಊರು ಬಿಸಿಲಲ್ಲಿ ಮಿಂಚುತ್ತಿತ್ತು. ಮೇಲಿಂದ ಹಿತ್ತಾಳೆಯ ದೀಪಗಳು ಸೋರೆಕಾಯಿಗಳ ಹಾಗೆ ಇಳಿಬಿದ್ದಿದ್ದವು. ಮೆತ್ತನೆಯ ಕುರ್ಚಿಯಲ್ಲಿ ಕೂತ ನಾಗಲಿಂಗಮ್ಮ, ಕುರ್ಚಿಗೆ ಹೊದಿಸಿದ್ದ ಬಟ್ಟೆಯ ಹೊಲಿಗೆಯನ್ನು ಬೆರಳಲ್ಲಿ ಸವರಿ, “ಚಂದ ಹೊಲದಾರ” ಎಂದಳು. ಪಕ್ಕದ ಮೇಜಿಗೆ ಬುಸುಗುಡುವ ಕಬ್ಬಿಣದ ತಟ್ಟೆಯಲ್ಲಿ ಏನೋ ಬಂತು. ಹೊಗೆ ತಲೆಯ ಮೇಲಕ್ಕೆದ್ದಿತ್ತು.

“ಅದೇನ ಇರಲಿ, ನಮಗೂ ಅದ ಬೇಕು” ಅಂದಳು ನಾಗಲಿಂಗಮ್ಮ.

ಜಂಬಣ್ಣ ಸಣ್ಣ ದನಿಯಲ್ಲಿ, “ಮೋಟಾರು ಸುಟ್ಟಂಗ ಹೊಗಿ ಬರಾಕತ್ತೈತಲ್ರಿ” ಎಂದ. ಆದರೂ ಬಂದ ಪನೀರನ್ನು ಮೊದಲು ಖಾಲಿ ಮಾಡಿದವನು ಅವನೇ.

ಊಟ ಮುಗಿಯುತ್ತಿರುವಾಗ ಬಡಿಸುತ್ತಿದ್ದ ಹುಡುಗಿ ಅವರ ಬಟ್ಟೆಗಂಟಿದ್ದ ಹಾರದ ಹೂವೆಸಳು, ಹಣೆಯ ಅಕ್ಷತೆ ಕಂಡು ಕೇಳಿದಳು, “ಎಷ್ಟನೇ ಆನಿವರ್ಸರಿ ಸರ್?”

“ಮದುವಿ ಆಗಿದ್ದ ಇವತ್ತ ಮುಂಜಾನಿ, ತಂಗಿ” ಅಂದ ಜಂಬಣ್ಣ.

ಹುಡುಗಿ ಕೈಯಲ್ಲಿದ್ದ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟಳು. ಪಕ್ಕದ ಮೇಜಿನಲ್ಲಿ ಮಕ್ಕಳು ಮೊಮ್ಮಕ್ಕಳ ನಡುವೆ ಕೂತಿದ್ದ ಮುದುಕಿಯೊಬ್ಬಳಿಗೆ ಮಾತು ಕೇಳಿಸಿತ್ತು. ಆಕೆ ಕುರ್ಚಿ ತಿರುಗಿಸಿಯೇಬಿಟ್ಟಳು. “ಹಂಗಾದ್ರ ಒಡಪು ಹೇಳವ್ವ. ಗಂಡನ ಹೆಸರು ಹೇಳದ ಮದುವಿ ಎಲ್ಲೈತಿ?”

ಪುಷ್ಪಲತಾ ಆಗಲೇ ಫೋನು ಎತ್ತಿ ಹಿಡಿದಿದ್ದಳು. ನಾಗಲಿಂಗಮ್ಮನ ಕಿವಿ ಬಿಸಿಯಾಯಿತು. ಮೊದಲ ಮದುವೆಯಲ್ಲಿ ಅವ್ವ ಬಾಯಿಪಾಠ ಮಾಡಿಸಿದ್ದ ಒಡಪನ್ನು ನೆಲ ನೋಡುತ್ತ ಗೊಣಗಿದ್ದಳು. ಈಗ ಹೇಳಿಕೊಡುವವರು ಯಾರೂ ಇರಲಿಲ್ಲ. ಕೈ ತೊಳೆಯಲು ತಂದಿಟ್ಟ ಬಟ್ಟಲ ಕಡೆ ನೋಡಿದಳು. ತುಟಿ ತಾನಾಗಿ ಬಿಚ್ಚಿತು.

“ಗಾಜಿನ ಬಟ್ಟಲದಾಗ ನಿಂಬಿಹಣ್ಣಿನ ನೀರು,
ಜಂಬಣ್ಣ ನನ್ನವರು, ಇನ್ನ ಕೇಳೋರು ಯಾರು?”

ಮುದುಕಿ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಸುತ್ತಲಿನ ಮೇಜಿನವರೆಲ್ಲ ತಟ್ಟಿದರು. “ಗಂಡಂದೂ ಆಗಲಿ” ಎಂದು ಯಾರೋ ಕೂಗಿದರು. ಜಂಬಣ್ಣ ಟವೆಲಿನಿಂದ ಮುಖ ಒರೆಸಿಕೊಂಡು, ಮೀಟಿಂಗಿನಲ್ಲಿ ಭಾಷಣ ಮಾಡುವವನಂತೆ ಎದ್ದೇ ನಿಂತ.

“ಬಾವಿಗೆ ಹಗ್ಗ, ಬೋರಿಗೆ ಪೈಪು,
ನನ್ನ ನಾಗಲಿಂಗಮ್ಮ ಬ್ಯಾರೇನ ಟೈಪು.”

ನಾಗಲಿಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಷ್ಟೊಂದು ಜನರ ಮುಂದೆ ಹಿಂದೆ ಯಾವಾಗಲಾದರೂ ಹಾಗೆ ನಕ್ಕದ್ದು ಅವಳಿಗೆ ನೆನಪೇ ಇರಲಿಲ್ಲ. ನಗು ಇಳಿಯುವಷ್ಟರಲ್ಲಿ ಪುಷ್ಪಲತಾ, “ಅವ್ವ, ವಿಡಿಯೋ ಮನಿ ಗ್ರೂಪಿಗೆ ಹಾಕೀನಿ” ಎಂದಳು.

“ಅಯ್ಯ, ನಿಮ್ಮ ಮಾವನೂ ಅದಾನಲ್ಲೇ ಅದರಾಗ!”

ಐಸ್‌ಕ್ರೀಮು ಬರುವ ಮೊದಲೇ ಫೋನು ಬಂತು. ಮೈಲಮ್ಮನದು. ನಾಗಲಿಂಗಮ್ಮ ಹೆದರುತ್ತಲೇ ಕಿವಿಗಿಟ್ಟುಕೊಂಡಳು.

“ನಿಮ್ಮಣ್ಣ ಬಾಯಿ ಬಿಚ್ಚವಲ್ರವ್ವ. ಆದ್ರ ನನ್ನ ಫೋನು ಕಸಗೊಂಡು ಅದನ್ನ ಹಚ್ಚಿ ಹಚ್ಚಿ ನೋಡಾಕತ್ತಿದ್ರು. ಟೈಪು ಅಂದಾಗ ನಕ್ಕರು, ನಾ ಕಣ್ಣಾರೆ ನೋಡೀನಿ. ನಾಳಿ ಇಬ್ರೂ ಮನಿಗೆ ಬರ್ರಿ, ರೊಟ್ಟಿ ಬಡಿತೀನಿ.”

ಹಿಂದಿನಿಂದ ಬೆನಕಪ್ಪನ ಗಡಸು ದನಿ ಕೇಳಿತು. “ತಂಗಿ ಗಂಡ ಮೊದಲ ಸಲ ಬಂದ್ರ ರೊಟ್ಟಿ ಹಾಕ್ತಾರೇನಲೇ? ಹೋಳಿಗಿ ಅನ್ನು.”

ನಾಗಲಿಂಗಮ್ಮ ಫೋನನ್ನು ಜಂಬಣ್ಣನ ಕೈಗಿಟ್ಟಳು.

“ನೀವ ಹೇಳ್ರಿ,” ಅಂದಳು, “ಬರ್ತೀವಿ ಅಂತ.”