ಶಾಖ ಕೊಟ್ಟ ಕೈ

ಬಟ್ಟೆಗಾಗಲಿ ಮೈಗಾಗಲಿ, ಹದವಾದ ಬಿಸಿ ತಾಗಿದರೆ ಸರಿಹೋಗದ ಸುಕ್ಕಿಲ್ಲ ಎಂಬುದು ಇಸ್ತ್ರಿ ಅಂಗಡಿಯವನ ಸಿದ್ಧಾಂತ. ಸೊಂಟನೋವಿಗೆ, ಹಲ್ಲುನೋವಿಗೆ, ಒಮ್ಮೆ ಅಕ್ಕನ ಮುನಿಸಿಗೂ ಅವನು ಮಡಿಸಿದ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಡಿ ಕಾಯಿಸಿ ಕೊಟ್ಟವನೇ. ಹೀಗಾಗಿ, ಬೆದೆ ಮುಗಿದ ಕೆಲವು ವಾರಗಳಲ್ಲಿ ಅವನ ಹೆಣ್ಣುನಾಯಿ ದೊರೆಸಾನಿಯ ಹಿಂದಿನ ಮೊಲೆಗಳು ಕೆಂಪೇರಿ ಬಾತುಕೊಂಡಾಗ ಅವನಿಗೆ ಭಯವಾಗಲಿಲ್ಲ, ಸಂತೋಷವಾಯಿತು.

“ಹಾಲು ಇಳಿದಿದೆ ಕಣೇ ಅಕ್ಕ! ನಮ್ಮ ದೊರೆಸಾನಿ ಬಸುರಿ.”

ಗಿರಾಕಿಗಳ ಅಂಗಿಗೆ ಗುಂಡಿ ಹಾಕುತ್ತ ಕುಳಿತಿದ್ದ ಅಕ್ಕ ಕನ್ನಡಕದ ಮೇಲಿಂದ ನೋಡಿದಳು. “ಈ ಮುದುಕಿಗೆ ಈಗ ಬಸುರೇ? ಹೊಟ್ಟೆ ನೋಡಿದ್ರೆ ಬೆನ್ನಿಗಂಟಿದೆ. ಮರಿಗಳನ್ನೇನು ಬಾಲದಲ್ಲಿ ಇಟ್ಕೊಂಡಿದ್ದಾಳಾ? ಸುಮ್ನೆ ಡಾಕ್ಟ್ರಮ್ಮನಿಗೆ ತೋರಿಸು.”

ಅವನು ಕೇಳಿಸದವನಂತೆ ಬಟ್ಟೆಗೆ ನೀರು ಚಿಮುಕಿಸಿದ. ಪಶುವೈದ್ಯೆಯ ಚಿಕಿತ್ಸಾಲಯ ಅದೇ ಬೀದಿಯ ತುದಿಯಲ್ಲಿತ್ತು; ಆಕೆಯ ಬಿಳಿ ಕೋಟುಗಳು ಇವನ ಮೇಜಿಗೇ ಬರುತ್ತಿದ್ದವು. ದೊರೆಸಾನಿ ಎಳೆಯವಳಿದ್ದಾಗಲೇ ಆಕೆ, ಗರ್ಭಕೋಶ ತೆಗೆಸಿಬಿಡಿ, ಮುಂದೆ ಮೊಲೆಗೆ ಗೆಡ್ಡೆ ಕಟ್ಟುವ ಅಪಾಯ ಕಡಿಮೆಯಾಗುತ್ತದೆ ಎಂದಿದ್ದರು. “ಹೆಣ್ಣುಜೀವ, ಒಮ್ಮೆಯಾದರೂ ತಾಯಿಯಾಗಲಿ” ಎಂದು ಇವನು ನೆರೆದ ಗಿರಾಕಿಗಳ ಎದುರು ಎದೆತಟ್ಟಿಕೊಂಡಿದ್ದ. ಆಡಿದ ಆ ಮಾತನ್ನು ಮರಿಗಳೇ ಬಂದು ಉಳಿಸಿಕೊಡಲೆಂದು ಈಗ ಕಾದ.

ಬೆಳಿಗ್ಗೆ ಸಂಜೆ ದೊರೆಸಾನಿಯ ಮೊಲೆಗಳಿಗೆ ಬಿಸಿಬಟ್ಟೆಯ ಶಾಖ ಸಾಗಿತು. ಮೊದಮೊದಲು ಕಣ್ಣು ಮುಚ್ಚಿ ಮಲಗುತ್ತಿದ್ದ ದೊರೆಸಾನಿ ಬರಬರುತ್ತ ಬಟ್ಟೆ ತಾಗಿದೊಡನೆ ನಡುಗತೊಡಗಿದಳು. ಹಾಲು ಕಟ್ಟಿಕೊಂಡಿದೆ ಎಂದುಕೊಂಡು ಅವನು ಇನ್ನಷ್ಟು ಒತ್ತಿದ. ಬೆರಳಡಿಯ ಮಾಂಸ ಮಣೆಯಂತೆ ಗಟ್ಟಿಯಾಗಿತ್ತು. ಕೆಂಪುಬಣ್ಣ ತೊಡೆಯ ಸಂದಿಗೂ ಹರಿಯಿತು. ಹಿಂಗಾಲು ಒನಕೆಯಂತೆ ಊದಿತು. ಹಾಲಿನ ಒಂದು ತೊಟ್ಟೂ ಬರಲಿಲ್ಲ. ಬಂದದ್ದು ನೀರುನೀರಾದ ರಕ್ತ. ಆ ಕಲೆಯ ಬಟ್ಟೆಯನ್ನು ಅಕ್ಕನ ಕಣ್ಣಿಗೆ ಬೀಳದಂತೆ ಗಂಟಿನ ಅಡಿಗೆ ತುರುಕಿದ.

ಒಂದು ಸಂಜೆ ಅವನು ಬಿಸಿಬಟ್ಟೆ ಹಿಡಿದು ಬಗ್ಗಿದಾಗ ದೊರೆಸಾನಿ ಮೇಜಿನಡಿ ಸರಿದು ಗುರುಗುಟ್ಟಿ ಹಲ್ಲು ತೋರಿದಳು. ಹುಟ್ಟಿದಂದಿನಿಂದ ಆ ಹಲ್ಲು ಅವನತ್ತ ತಿರುಗಿದ್ದಿಲ್ಲ.

“ನಾನು ಹೇಳಿದ್ದಂತೂ ಕಿವಿಗೆ ಬೀಳ್ಲಿಲ್ಲ,” ಎಂದಳು ಅಕ್ಕ. “ಅವಳು ಹೇಳೋದಾದ್ರೂ ಕೇಳಿಸ್ಕೋ.” ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ತಾನೇ ಹೋಗಿ ಡಾಕ್ಟರಮ್ಮನನ್ನು ಕರೆತಂದಳು.

ಆಕೆ ನೆಲದ ಮೇಲೆ ಕುಳಿತು, ಕೈಯ ಹಿಂಬದಿಯಿಂದ ಆ ಕೆಂಪನ್ನು ಮುಟ್ಟಿದರು. ಸಣ್ಣ ಸೂಜಿಯಿಂದ ಒಂದಿಷ್ಟು ದ್ರವ ತೆಗೆದುಕೊಂಡು ಹೋದರು. ಪರೀಕ್ಷೆಯ ಫಲಿತಾಂಶ ಬಂದೊಡನೆ ಮತ್ತೆ ಬಂದರು.

“ಇದು ಹಾಲೂ ಅಲ್ಲ, ಕೀವೂ ಅಲ್ಲ ಯಜಮಾನ್ರೇ. ಮೊಲೆಯ ಕ್ಯಾನ್ಸರ್. ಅದ್ರಲ್ಲೂ ತುಂಬಾ ಕೆಟ್ಟ ಜಾತಿ. ಚರ್ಮದೊಳಗೇ ಬೆಂಕಿ ಥರ ಹಬ್ಬುತ್ತೆ.”

“ಕೊಯ್ದು ತೆಗೆದುಬಿಡಿ ಡಾಕ್ಟ್ರಮ್ಮ. ಗರ್ಭಕೋಶಾನೂ ತೆಗೀರಿ. ಈಗ ನಾನು ಬೇಡ ಅನ್ನಲ್ಲ.”

“ಚಾಕು ಇಡೋಕೆ ಒಳ್ಳೇ ಚರ್ಮಾನೇ ಉಳಿದಿಲ್ಲ. ಕೊಯ್ದ್ರೆ ಗಾಯ ಕೂಡಲ್ಲ, ಅದೇ ಗಾಯದಲ್ಲಿ ಮತ್ತೆ ಮೊಳೆಯುತ್ತೆ.”

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ನಾನು ಕೊಟ್ಟ ಶಾಖದಿಂದ ಬಂತಾ?”

“ಅದ್ರಿಂದ ಬಂದದ್ದಲ್ಲ.” ಆಕೆ ದೊರೆಸಾನಿಯ ತಲೆ ಸವರಿದರು. “ನೋವು ಹೆಚ್ಚಾಗಿರತ್ತೆ, ಅಷ್ಟೆ. ನೋವಿಗೆ ಔಷಧಿ ಕೊಡ್ತೀನಿ. ಅದಕ್ಕೂ ಬಗ್ಗದ ದಿನ ಬರುತ್ತೆ. ಅವತ್ತು ಕರೀರಿ, ಸೂಜಿ ಕೊಟ್ಟು ನೋವಿಲ್ಲದ ಹಾಗೆ ಶಾಶ್ವತವಾಗಿ ಮಲಗಿಸಿಬಿಡೋಣ. ಅದಕ್ಕಾದ್ರೂ ತಡ ಮಾಡ್ಬೇಡಿ.”

ಆ ದಿನ ಬರಲು ಬಹಳ ಕಾಲ ಹಿಡಿಯಲಿಲ್ಲ. ದೊರೆಸಾನಿ ಮಲಗಲಾರದೆ, ಗೋಡೆಗೆ ಹಣೆಯೊತ್ತಿ ನಿಂತೇ ಏದುಸಿರು ಬಿಡುತ್ತಿದ್ದಳು. ಔಷಧಿ ಹಾಕಿದ ಅನ್ನ ತಟ್ಟೆಯಲ್ಲೇ ಒಣಗಿತ್ತು. ಅಕ್ಕನ ನಾಲಗೆಗೂ ಅಂದು ಚುಚ್ಚುಮಾತು ಬರಲಿಲ್ಲ.

“ನಾನು ಹೋಗಿ ಕರೀಲೇನೋ?”

“ಬೇಡಕ್ಕ. ತಡ ಮಾಡಿದೋನು ನಾನು. ನಾನೇ ಹೋಗ್ತೀನಿ.”

ಅವನು ಚಪ್ಪಲಿ ಮೆಟ್ಟಿದ. ಆ ಸದ್ದಿಗೆ ದೊರೆಸಾನಿ ಗೋಡೆಯಿಂದ ಮುಖ ತಿರುಗಿಸಿದಳು. ಯಜಮಾನ ಹೊರಟನೆಂದರೆ ತಾನೂ ಹೊರಟಂತೆ ಎಂಬುದಷ್ಟೇ ಅವಳಿಗೆ ಗೊತ್ತು. ಊದಿದ ಕಾಲನ್ನು ಎಳೆದುಕೊಂಡು ಹೊಸ್ತಿಲಿಗೆ ಬಂದು ಬಾಲ ಅಲ್ಲಾಡಿಸಿದಳು. ಇಲ್ಲೇ ಇರು ಎನ್ನಲು ಹೊರಟವನು, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.

ಮೆಲ್ಲಗೆ ಬೀದಿಗಿಳಿದ ದೊರೆಸಾನಿ, ಬರುತ್ತಿದ್ದಾನೋ ಇಲ್ಲವೋ ಎಂದು ಒಮ್ಮೆ ತಿರುಗಿ ನೋಡಿ, ಚಿಕಿತ್ಸಾಲಯದ ದಿಕ್ಕಿಗೇ ಅವನಿಗಿಂತ ಮುಂದಾಗಿ ನಡೆಯತೊಡಗಿದಳು.