ಬಿಟ್ಟವರು

ಸಿಸ್ಟರ್‌ಗೆ ಲೆಕ್ಕ ಬರುತ್ತಿರಲಿಲ್ಲ. ಮಾತು ಬರುತ್ತಿತ್ತು. ಆಸ್ಪತ್ರೆಯ ಹಿಂಬದಿಯ ಎರಡು ಕುರ್ಚಿಯ ಕೋಣೆಯಲ್ಲಿ ಕೂತು, ಸಿಗರೇಟು ಸೇದುವವರ ಜೊತೆ ತಲಾ ಮೂರು ಸಲ, ಸಲಕ್ಕೆ ಹದಿನೈದು ನಿಮಿಷ ಮಾತಾಡಿ ಚಟ ಬಿಡಿಸುವುದು ಆಕೆಯ ಕೆಲಸ. ಕಲ್ಲನ್ನೂ ಮಾತಾಡಿಸಿ ಕರಗಿಸುತ್ತಾಳೆ ಎಂಬ ಹೆಸರಿತ್ತು.

ಈಗ ಆ ಕೋಣೆಗೇ ಸಂಚಕಾರ ಬಂದಿತ್ತು. ಇಂಥ ಆಪ್ತಸಲಹೆಯನ್ನು ಎಲ್ಲ ಆಸ್ಪತ್ರೆಗಳಿಗೂ ಶಿಫಾರಸು ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಲು ತಜ್ಞರ ಸಮಿತಿಯೊಂದು ಕೂತಿತ್ತು. ಬೇಡ ಎಂದರೆ ಕೋಣೆ ಉಗ್ರಾಣವಾಗುತ್ತದೆ; ಸ್ಟೋರಿನವನು ಆಗಲೇ ಟೇಪು ಹಿಡಿದು ಗೋಡೆ ಅಳೆದು ಹೋಗಿದ್ದ. ಸಿಸ್ಟರ್ ಜಗ್ಗಲಿಲ್ಲ. ಸಮಿತಿಯ ಮುಂದಿದ್ದ ಪುರಾವೆಗಳಲ್ಲಿ ಆಕೆಯ ರಿಜಿಸ್ಟರೇ ದೊಡ್ಡದು. ಇನ್ನೂರು ಜನರಲ್ಲಿ ತೊಂಬತ್ತನಾಲ್ಕು ಮಂದಿ ಬಿಟ್ಟಿದ್ದರು. ಬರೀ ಕರಪತ್ರ ಕೊಟ್ಟು ಕಳಿಸಿದ ಇನ್ನೊಂದು ಇನ್ನೂರರಲ್ಲಿ ಇಪ್ಪತ್ತೆರಡು. ಶಿಫಾರಸಿನ ಕರಡಿನಲ್ಲಿ ‘ಆಪ್ತಸಲಹೆ ನೀಡಲೇಬೇಕು’ ಎಂದು ಬರೆದೂ ಆಗಿತ್ತು.

ಅಂಕಿ ತಾಳೆ ನೋಡಲು ಸಮಿತಿಯ ಹುಡುಗಿಯೊಬ್ಬಳು ಬಂದಳು. ರಿಜಿಸ್ಟರಿನ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟಳು.

“ಸಿಸ್ಟರ್, ಇಲ್ಲಿ ‘ಬಿಟ್ಟರು’ ಅಂತಿದೆ. ಏನನ್ನ ಬಿಟ್ಟರು?”

“ಅಯ್ಯೋ ಪುಟ್ಟಿ, ಹೆಂಡ್ತೀನ ಬಿಟ್ರು ಅಂತ ಬರೀತೀನಾ? ಸಿಗರೇಟು ಬಿಟ್ರು.”

“ಈ ಅರವತ್ತೇಳನೇ ನಂಬರು ಒಂದೇ ಸಲ ಬಂದಿದಾನೆ. ಹದಿನೈದೇ ನಿಮಿಷಕ್ಕೆ ಬಿಟ್ಬಿಟ್ನಾ?”

ಸಿಸ್ಟರ್ ಕನ್ನಡಕ ಏರಿಸಿ ನೋಡಿದಳು. ಅರವತ್ತೇಳು ಚೆನ್ನಾಗಿ ನೆನಪಿತ್ತು: ಲಾರಿ ಡ್ರೈವರ್, ಅರ್ಧಕ್ಕೇ ಎದ್ದು ಹೋಗಿದ್ದ. ಆತ ಬಿಟ್ಟದ್ದು ಸಿಗರೇಟನ್ನಲ್ಲ, ಬರುವುದನ್ನು. ಚಟ ಬಿಟ್ಟವರಿಗೂ ‘ಬಿಟ್ಟರು’, ಬರುವುದು ಬಿಟ್ಟವರಿಗೂ ‘ಬಿಟ್ಟರು’ ಎಂದು ಆಕೆಯೇ ಬರೆದಿದ್ದಳು. ಆಫೀಸಿನ ಗುಮಾಸ್ತ ಎರಡನ್ನೂ ಒಂದೇ ಗಂಟು ಕಟ್ಟಿ ಕಳಿಸಿದ್ದ.

ಹುಡುಗಿಗೆ ಡ್ರೈವರ್ ಯಾರೆಂದು ಗೊತ್ತಿರಲಿಲ್ಲ. ‘ಹೂಂ ಕಣಮ್ಮ, ಗಟ್ಟಿ ಆಳು’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಆ ಫೋನು ಈ ಕಡೆ ತಳ್ಳು,” ಎಂದಳು ಸಿಸ್ಟರ್.

ಎರಡು ದಿನ ಇಬ್ಬರೂ ಕೂತು ತೊಂಬತ್ತನಾಲ್ಕು ಮಂದಿಗೂ ಫೋನು ಮಾಡಿದರು.

“ಏನಪ್ಪಾ, ಸಿಗರೇಟು ಬಿಟ್ಯಾ, ನನ್ನ ಬಿಟ್ಯಾ?”

“ನಿಮ್ಮನ್ನೇ ಬಿಟ್ಟಿದ್ದು ಸಿಸ್ಟರ್,” ಎಂದ ಡ್ರೈವರ್. “ನಿಮ್ಮ ಬೈಗುಳ ನನ್ನ ಬಿಟ್ಟಿಲ್ಲ, ಕಿವೀಲೇ ಇದೆ.”

“ಮಂಗಳವಾರ ಬಾ. ಉಳಿದರ್ಧ ಬೈತೀನಿ.”

ಬಿಟ್ಟೆ ಎಂದವರ ಬಾಯಿಮಾತನ್ನೂ ಹುಡುಗಿ ಒಪ್ಪಲಿಲ್ಲ. ಕರಪತ್ರದ ಇಪ್ಪತ್ತೆರಡು ಮಂದಿ ಉಸಿರಿನಲ್ಲಿ ಹೊಗೆಯ ಅಂಶ ಅಳೆಯುವ ಯಂತ್ರಕ್ಕೆ ಊದಿ ಲೆಕ್ಕಕ್ಕೆ ಸೇರಿದ್ದರು. ಇವರೂ ಊದಲಿ ಎಂದಳು. ಊದಿ ಗೆದ್ದವರು ಐವತ್ತೊಂದು.

“ಹತ್ತಿರ ಹತ್ತಿರ ಅರ್ಧ ಹೋಯ್ತಲ್ಲ ಸಿಸ್ಟರ್,” ಹುಡುಗಿಯ ಮುಖ ಸಪ್ಪಗಿತ್ತು.

“ಇಪ್ಪತ್ತೆರಡಕ್ಕಿಂತ ಐವತ್ತೊಂದು ದೊಡ್ಡದು ತಾನೇ? ಲೆಕ್ಕ ಬರದ ನಂಗೇ ಗೊತ್ತು. ನಿನ್ನ ಸಮಿತಿಗೆ ಗೊತ್ತಾಗಲ್ವಾ? ತಗೊಂಡು ಹೋಗಿ ಮೇಜಿನ ಮೇಲಿಡು. ಈ ಸಲ ಯಾರು ಕುಟ್ಟಿದರೂ ಮುರಿಯಲ್ಲ.”

ಮುಂದಿನ ವಾರ ಸಮಿತಿ ಮತ್ತೆ ಕೂತಿತು. ಕೋಣೆ ಉಳಿಯಿತು, ಸ್ಟೋರಿನವನು ಅಳೆಯಲು ಬೇರೆ ಗೋಡೆ ಹುಡುಕಿಕೊಂಡ. ಅಚ್ಚಾಗಿ ಬಂದ ಶಿಫಾರಸಿನಲ್ಲಿ ಕರಡಿನ ‘ನೀಡಲೇಬೇಕು’ ಹೋಗಿ ‘ಆಪ್ತಸಲಹೆ ನೀಡಬೇಕು’ ಎಂದಿತ್ತು.

ಕಳೆದದ್ದು ನಲವತ್ತಮೂರು ಹೆಸರು, ಒಂದು ‘ಲೇ’.